ಹಸು ಕುಂಟಿದರೆ ಎರಡು ತಿಂಗಳ ಹಿಂದಿನ ಕತೆ ಹೇಳಿ

“ನಿನ್ನೆ ಚೆನ್ನಾಗೇ ಇತ್ತು ಡಾಕ್ಟ್ರೇ, ಇವತ್ತು ಕುಂಟ್ತಾ ಇದೆ. ಒಂದು ಇಂಜೆಕ್ಷನ್ ಹಾಕ್ಬಿಡಿ.” ಮಂಡ್ಯದ ಸುತ್ತಿನ ಹಳ್ಳಿಗಳಲ್ಲಿ ಸೀಮೆ ಹಸು ಸಾಕುವವರಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊಳೆ ಚುಚ್ಚಿದ್ದರೆ, ಜಾರಿ ಬಿದ್ದಿದ್ದರೆ ಒಪ್ಪುತ್ತೇನೆ, ಅದು ಇವತ್ತಿನದೇ. ಜ್ವರ, ಜೊಲ್ಲು, ಬಾಯಲ್ಲಿ ಹುಣ್ಣು ಕಂಡರೆ ಕಾಲುಬಾಯಿ ರೋಗ ಇರಬಹುದು, ತಡ ಮಾಡಬೇಡಿ. ಆದರೆ ಗೊರಸಿನ ಅಡಿಯಲ್ಲಿ ಹುಣ್ಣಾಗಿ ಕುಂಟುವ ಹಸುವಿನ ತೊಂದರೆ ನಿನ್ನೆ ಶುರುವಾದದ್ದಲ್ಲ.

ಇದನ್ನು ನಿಧಾನವಾಗಿ ಹೇಳುತ್ತೇನೆ. ಗೊರಸಿನ ಒಳಗೆ ಮೂಳೆ ಇದೆ. ಅದರ ಕೆಳಗೆ ಕೊಬ್ಬಿನ ಮೆತ್ತೆ. ಅದಕ್ಕೂ ಕೆಳಗೆ ಗೊರಸನ್ನು ಬೆಳೆಸುವ ಜೀವ ಇರುವ ಪದರ. ಗಟ್ಟಿ ನೆಲದ ಮೇಲೆ ಹಸು ಹೊತ್ತುಗಟ್ಟಲೆ ನಿಂತರೆ ಮೂಳೆ ಆ ಪದರವನ್ನು ಅದುಮುತ್ತದೆ, ಒಳಗೇ ರಕ್ತ ಒಸರುತ್ತದೆ. ಅವತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆರಳಿಗೆ ಸುತ್ತಿಗೆ ಏಟು ಬಿದ್ದರೆ ಉಗುರಿನ ಕಪ್ಪು ಕಲೆ ವಾರಗಟ್ಟಲೆ ಮುಂದಕ್ಕೆ ಸರಿಯುತ್ತದೆ ಅಲ್ವಾ, ಹಾಗೇ ಇದೂ. ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 5 ಮಿಲಿಮೀಟರ್. ಒಳಗಿನ ಏಟು ಅಂಗಾಲಿನಲ್ಲಿ ಕಾಣಲು ಹೆಚ್ಚುಕಮ್ಮಿ 6ರಿಂದ 8 ವಾರ ಬೇಕು.

ಅದಕ್ಕೇ ನಾನು ಕಾಲು ಎತ್ತಿಸುವ ಮೊದಲು ಕೇಳುತ್ತೇನೆ: ಎರಡು ತಿಂಗಳ ಹಿಂದೆ ಈ ಕೊಟ್ಟಿಗೆಯಲ್ಲಿ ಏನು ಬದಲಾಯಿತು? ಕರು ಹಾಕಿತ್ತೇ? ಕರು ಹಾಕುವ ಸಮಯದಲ್ಲಿ ಗೊರಸಿನೊಳಗೆ ಮೂಳೆಯ ಹಿಡಿತ ಸಡಿಲವಾಗುತ್ತದೆ, ಆಮೇಲೆ ಮೆತ್ತೆಯೂ ತೆಳ್ಳಗಾಗುತ್ತದೆ. ಹಾಲು ಜಾಸ್ತಿ ಬರಲಿ ಎಂದು ಹಿಂಡಿಯನ್ನು ಒಮ್ಮೆಲೇ ಏರಿಸಿದಿರಾ? ಮದುವೆ ಮನೆಯಲ್ಲಿ ಉಳಿದ ಅನ್ನ ಬಕೆಟ್‌ಗಟ್ಟಲೆ ಸುರಿದಿರಾ? ಹೊಟ್ಟೆಯಲ್ಲಿ ಹುಳಿ ಏರಿದರೆ ಗೊರಸಿಗೂ ಪೆಟ್ಟು ಬೀಳಬಹುದು. ಬಿಸಿಲು ಜೋರಾಗಿತ್ತೇ? ಸೆಖೆಗೆ ಹಸು ಮಲಗುವುದು ಕಮ್ಮಿ, ಹೆಚ್ಚು ಹೊತ್ತು ನಿಂತೇ ಇರುತ್ತದೆ. ಏಪ್ರಿಲ್‌ನಲ್ಲಿ ನಿಂತದ್ದಕ್ಕೆ ಜೂನ್‌ನಲ್ಲಿ ಕುಂಟುತ್ತದೆ, ನೀವು ಮಳೆಯನ್ನು ಬೈಯುತ್ತೀರಿ. ಮಳೆಗೂ ಪಾಲಿದೆ, ಒದ್ದೆಯಲ್ಲಿ ಗೊರಸು ಮೆತ್ತಗಾಗುತ್ತದೆ. ಆದರೆ ಪೂರಾ ತಪ್ಪು ಅದರದ್ದಲ್ಲ.

ಒಂದು ಮನೆಯಲ್ಲಿ ನಾಲ್ಕರಲ್ಲಿ ಮೂರು ಹಸು ಕುಂಟುತ್ತಿದ್ದವು. ಮಗ ಹಿಂಡಿ ಮಾರಿದವನನ್ನು ಬೈಯುತ್ತಿದ್ದ. ಅಮ್ಮ ಸುಮ್ನೆ ಒಳಗೆ ಹೋಗಿ ಡೈರಿಯ ಹಾಲಿನ ಪುಸ್ತಕ ತಂದರು. ಹಾಲು ಇಳಿಯಲು ಶುರುವಾದ ವಾರಕ್ಕೆ ಬೆರಳಿಟ್ಟು, “ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿದ್ದು ಇದಕ್ಕೆ ಸ್ವಲ್ಪ ಮುಂಚೆ ಕಣಪ್ಪಾ” ಎಂದರು. ಹಿಂಗಾಲು ಎತ್ತಿ ನೋಡಿದೆ. ಹೊರಗಿನ ಗೊರಸಿನ ಅಂಗಾಲು ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತಿತ್ತು. ಹೊಸ ಸಿಮೆಂಟಿನ ತರಿ ಅಷ್ಟು ಸವೆಸಿತ್ತು. ಆ ತಾಯಿಯಂಥವರು ಇದ್ದರೆ ನನ್ನ ಅರ್ಧ ಕೆಲಸ ಮುಗಿದಂತೆ.

ನೋವಿನ ಇಂಜೆಕ್ಷನ್ ಬೇಡ ಎನ್ನುತ್ತಿಲ್ಲ. ಬೇಕಾದಾಗ ಕೊಡುತ್ತೇನೆ. ಕೆಲವು ಔಷಧಿ ಕೊಟ್ಟ ಮೇಲೆ ಇಷ್ಟು ದಿನ ಹಾಲು ಡೈರಿಗೆ ಹಾಕಬಾರದು ಎಂದಿರುತ್ತದೆ, ಅದನ್ನೂ ಕೇಳಿ ತಿಳಿದುಕೊಳ್ಳಿ. ಆದರೆ ನೆಲ ಹಾಗೇ ಇದ್ದರೆ, ಹಗ್ಗ ಮೊಳದುದ್ದವೇ ಇದ್ದರೆ, ಮುಂದಿನ ತಿಂಗಳು ಪಕ್ಕದ ಹಸು ಕುಂಟುತ್ತದೆ. ಹಸುವಿಗೆ ದಿನಕ್ಕೆ 10ರಿಂದ 12 ಗಂಟೆ ಮಲಗಲು ಬೇಕು. ರಬ್ಬರ್ ಮ್ಯಾಟ್ ಹಾಕಿದ್ದೀವಲ್ಲ ಎನ್ನುವವರು ಅದನ್ನು ಎತ್ತಿ ನೋಡಿ, ಕೆಳಗೆ ಗಂಜಲ ನಿಂತಿದೆಯೇ ಎಂದು. ಹಾಲು ಬತ್ತಿಸುವ ಸಮಯದಲ್ಲಿ ಬೆಳೆದ ಗೊರಸನ್ನು ಗೊತ್ತಿರುವವರಿಂದ ಕತ್ತರಿಸಿಸಿ. ಮಧ್ಯಾಹ್ನ ಎರಡು ಗಂಟೆಗೆ ಕೊಟ್ಟಿಗೆಗೆ ಹೋಗಿ ಎಷ್ಟು ಹಸು ಮಲಗಿ ಮೆಲುಕು ಹಾಕುತ್ತಿವೆ ಎಂದು ಎಣಿಸಿ. ನನಗೆ ಫೋನ್ ಮಾಡುವಾಗ ಆ ಲೆಕ್ಕ, ಕರು ಹಾಕಿದ ತಾರೀಖು, ಹಾಲಿನ ಪುಸ್ತಕ ಮೂರೂ ಕೈಯಲ್ಲಿರಲಿ.