ಪರಿಹಾರಕ್ಕೆ ಬರುವ ವಿದೇಶಿ ಸೇನೆ: ಯಾವ ಷರತ್ತು, ಯಾರಿಗಾಗಿ?

2008ರ ಮೇ 2ರಂದು ನರ್ಗಿಸ್ ಚಂಡಮಾರುತ ಮ್ಯಾನ್ಮಾರ್‌ನ ಐರಾವತಿ ನದೀಮುಖಜ ಭೂಮಿಗೆ ಅಪ್ಪಳಿಸಿತು. ಸತ್ತವರು ಮತ್ತು ಕಾಣೆಯಾದವರ ಒಟ್ಟು ಸಂಖ್ಯೆ 1.38 ಲಕ್ಷವನ್ನು ದಾಟಿತು. ರಸ್ತೆಗಳು ಮುಳುಗಿದ್ದರಿಂದ ಹಳ್ಳಿಗಳನ್ನು ತಲುಪಲು ದೋಣಿ, ಹೆಲಿಕಾಪ್ಟರ್ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅವೆರಡೂ ಧಾರಾಳವಾಗಿದ್ದದ್ದು ಕರಾವಳಿಯಾಚೆ ಕಾದು ನಿಂತಿದ್ದ ಅಮೆರಿಕದ ಎಸೆಕ್ಸ್ ಮತ್ತು ಅದರ ಜೊತೆಗಾರ ಹಡಗುಗಳಲ್ಲಿ ಹಾಗೂ ಫ್ರಾನ್ಸಿನ ಮಿಸ್ಟ್ರಾಲ್ ನೌಕೆಯಲ್ಲಿ. ಅವುಗಳಿಗೆ ದಡ ಸೇರಲು ಅನುಮತಿ ಸಿಗಲೇ ಇಲ್ಲ. ಮಿಸ್ಟ್ರಾಲ್ ತನ್ನ ಸರಕನ್ನು ಥಾಯ್ಲೆಂಡಿನ ಫುಕೆಟ್‌ನಲ್ಲಿ ಇಳಿಸಿ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಒಪ್ಪಿಸಿತು. ಅಮೆರಿಕದ ಹಡಗುಗಳು ಜೂನ್ 5ರಂದು ಹಿಂತಿರುಗಿದವು.

ವಿಪತ್ತು ನಿರ್ವಹಣೆಯ ತರಬೇತಿಗೆ ಬರುವ ಅಧಿಕಾರಿಗಳಿಗೆ ಈ ಪ್ರಕರಣವನ್ನು ವಿವರಿಸಿದಾಗಲೆಲ್ಲ ಅವರಲ್ಲಿ ಮೊದಲು ಹುಟ್ಟುವುದು ಸಿಟ್ಟು. ಅದು ನ್ಯಾಯವಾದ ಸಿಟ್ಟೇ. ಆದರೆ ನಾಳೆ ಅಂಥದ್ದೇ ಅನುಮತಿ ಪತ್ರವನ್ನು ಬರೆಯಬೇಕಾಗಿ ಬರುವವರಿಗೆ ಸಿಟ್ಟೊಂದೇ ಸಾಲದು. ವಿಶ್ವಸಂಸ್ಥೆಯ ಮಹಾಸಭೆ 1991ರಲ್ಲಿ ಅಂಗೀಕರಿಸಿದ 46/182ನೇ ನಿರ್ಣಯದ ಪ್ರಕಾರ ಮಾನವೀಯ ನೆರವು ಸಂತ್ರಸ್ತ ದೇಶದ ಒಪ್ಪಿಗೆಯಿಂದಲೇ ಒಳಬರಬೇಕು. ವಿದೇಶಿ ಸೇನೆಯ ಬಳಕೆಯನ್ನು ಕುರಿತ ಓಸ್ಲೊ ಮಾರ್ಗಸೂಚಿಗಳು, ನಾಗರಿಕ ವ್ಯವಸ್ಥೆಯಿಂದ ಆಗದ ಕೆಲಸಕ್ಕೆ ಮಾತ್ರ, ಕೊನೆಯ ಉಪಾಯವಾಗಿ ಸೇನೆಯನ್ನು ಕರೆಯಬೇಕು ಎನ್ನುತ್ತವೆ. ಅಂದರೆ ಹಡಗು ತುಂಬ ಅಕ್ಕಿ, ಔಷಧ ಹೊತ್ತು ಬಂದ ಮಾತ್ರಕ್ಕೆ ಯಾವ ನೌಕಾಪಡೆಗೂ ಇನ್ನೊಂದು ದೇಶದ ದಡ ಹತ್ತುವ ಹಕ್ಕು ಬರುವುದಿಲ್ಲ. ಒಪ್ಪಿಗೆಯನ್ನು ಹೇಗೆ ಕೊಡಬೇಕು, ಎಷ್ಟು ಬೇಗ ಕೊಡಬೇಕು, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬುದೇ ನಿಜವಾದ ಪ್ರಶ್ನೆ.

ಮ್ಯಾನ್ಮಾರ್‌ನ ಸೇನಾಡಳಿತಕ್ಕೆ ಭಯವಿತ್ತು. ಹೊಸ ಸಂವಿಧಾನದ ಜನಮತಗಣನೆಯನ್ನು ಅದು ಮೇ 10ಕ್ಕೆ ನಿಗದಿ ಮಾಡಿತ್ತು; ಚಂಡಮಾರುತದ ನಂತರವೂ ಹೆಚ್ಚು ಹಾನಿಗೊಂಡ ಪ್ರದೇಶಗಳನ್ನಷ್ಟೇ ಬಿಟ್ಟು ಉಳಿದೆಡೆ ಅದೇ ದಿನ ಮತದಾನ ನಡೆಸಿತು. ತನ್ನ ಮೇಲೆ ಆರ್ಥಿಕ ನಿರ್ಬಂಧ ಹೇರಿದ ದೇಶಗಳ ಯುದ್ಧನೌಕೆಗಳೇ ಈಗ ನೆರವಿನ ಹೆಸರಿನಲ್ಲಿ ಎದುರಿಗೆ ನಿಂತಿದ್ದವು. ಅದೇ ಹೊತ್ತಿನಲ್ಲಿ ಫ್ರಾನ್ಸಿನ ವಿದೇಶಾಂಗ ಸಚಿವ ಬರ್ನಾರ್ ಕುಶ್ನೆರ್, ಪ್ರಜೆಗಳನ್ನು ರಕ್ಷಿಸುವ ಅಂತರರಾಷ್ಟ್ರೀಯ ಹೊಣೆಯ ತತ್ವವನ್ನು ಮುಂದಿಟ್ಟು, ಸರ್ಕಾರದ ಒಪ್ಪಿಗೆ ಇಲ್ಲದೆಯೂ ನೆರವು ತಲುಪಿಸುವ ಮಾತನಾಡಿದರು. ಅವರ ಕಳಕಳಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಆ ಮಾತು ಅರೆತೆರೆದಿದ್ದ ಬಾಗಿಲನ್ನೂ ಮುಚ್ಚಲು ನೆಪವಾಯಿತೆಂದೇ ನನ್ನ ಅಭಿಪ್ರಾಯ. ಹಾಗೆಂದು ಸೇನಾಡಳಿತದ ಹೊಣೆ ಕಡಿಮೆಯಾಗುವುದಿಲ್ಲ, ಏಕೆಂದರೆ ಅದರ ಭಯಕ್ಕೆ ಬೆಲೆ ತೆತ್ತವರು ಕುಡಿಯುವ ನೀರಿಲ್ಲದೆ ಕುಳಿತಿದ್ದ ಮುಖಜ ಭೂಮಿಯ ರೈತರು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮ್ಯಾನ್ಮಾರ್ ಸಮವಸ್ತ್ರವನ್ನೇ ಒಟ್ಟಾಗಿ ನಿರಾಕರಿಸಲಿಲ್ಲ. ಭಾರತೀಯ ನೌಕಾಪಡೆಯ ರಾಣಾ ಮತ್ತು ಕೃಪಾಣ್ ಹಡಗುಗಳು ಮೊದಲ ವಾರದಲ್ಲೇ ಯಾಂಗೋನ್‌ಗೆ ಪರಿಹಾರ ಸಾಮಗ್ರಿ ಒಯ್ದವು. ಮೇ 12ರಿಂದ ಅಮೆರಿಕದ ಸಿ-130 ಸರಕು ವಿಮಾನಗಳಿಗೂ ಯಾಂಗೋನ್ ವಿಮಾನ ನಿಲ್ದಾಣದಲ್ಲಿ ಇಳಿಯಲು ಬಿಟ್ಟರು. ಆದರೆ ಸರಕನ್ನು ಅಲ್ಲಿಯೇ ಒಪ್ಪಿಸಿ ಮರಳಬೇಕಿತ್ತು. ಮುಖಜ ಭೂಮಿಯ ಹಳ್ಳಿಗಳಿಗೆ ನೇರವಾಗಿ ಹೋಗುವುದು ಮಾತ್ರ ನಿಷಿದ್ಧವಾಗಿತ್ತು, ಜೀವಗಳು ಉಳಿಯಬಹುದಾಗಿದ್ದದ್ದು ಅಲ್ಲಿಯೇ. ಕೊನೆಗೆ ದಾರಿ ತೆರೆದದ್ದು ನೆರೆಯವರ ಮೂಲಕ. ಮೇ 19ರಂದು ಸಿಂಗಪುರದಲ್ಲಿ ಸೇರಿದ, ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್‌ನ ವಿದೇಶಾಂಗ ಸಚಿವರು ನೆರವಿನ ಸಮನ್ವಯವನ್ನು ತಾವೇ ವಹಿಸಿಕೊಂಡರು. ಮೇ 23ರಂದು ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಅವರು ಸೇನಾಡಳಿತದ ಮುಖ್ಯಸ್ಥ, ಹಿರಿಯ ಜನರಲ್ ತಾನ್ ಶ್ವೆ ಅವರನ್ನು ಭೇಟಿಯಾದರು. ಆಸಿಯಾನ್, ವಿಶ್ವಸಂಸ್ಥೆ ಮತ್ತು ಮ್ಯಾನ್ಮಾರ್ ಸರ್ಕಾರ ಮೂವರೂ ಕೂಡಿದ ತ್ರಿಪಕ್ಷೀಯ ಸಮಿತಿ ಕೆಲಸ ಆರಂಭಿಸಿತು. ವಿಶ್ವ ಆಹಾರ ಕಾರ್ಯಕ್ರಮದ ನಾಗರಿಕ ಹೆಲಿಕಾಪ್ಟರುಗಳು ಹಾರಿದ್ದು ಇದೇ ವ್ಯವಸ್ಥೆಯಲ್ಲಿ. ಅಷ್ಟರಲ್ಲಿ ಮೂರು ವಾರಗಳು ಕಳೆದಿದ್ದವು.

ಇದರ ಎದುರಿಗೆ ಅಚೆಯನ್ನು ಇಟ್ಟು ನೋಡಬೇಕು. 2004ರ ಡಿಸೆಂಬರ್ 26ರ ಸುನಾಮಿಗೆ ಮುನ್ನ ಇಂಡೊನೇಷ್ಯಾದ ಆ ಪ್ರಾಂತ್ಯದಲ್ಲಿ ಪ್ರತ್ಯೇಕತಾವಾದಿ ಬಂಡುಕೋರರ ವಿರುದ್ಧ ಸೇನಾ ಕಾರ್ಯಾಚರಣೆ ನಡೆಯುತ್ತಿತ್ತು, ಹೊರಗಿನವರ ಪ್ರವೇಶಕ್ಕೆ ಬಿಗಿಯಾದ ಕಟ್ಟುಪಾಡಿತ್ತು. ವಿದೇಶಿ ಸೇನೆಯನ್ನು ಶಂಕಿಸಲು ಇಂಡೊನೇಷ್ಯಾ ಸರ್ಕಾರಕ್ಕೆ ಮ್ಯಾನ್ಮಾರ್‌ಗಿಂತ ಕಡಿಮೆ ಕಾರಣಗಳೇನೂ ಇರಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ವಿಮಾನವಾಹಕ ನೌಕೆ ಅಬ್ರಹಾಂ ಲಿಂಕನ್‌ನ ಹೆಲಿಕಾಪ್ಟರುಗಳು ಅಚೆಯ ಪಶ್ಚಿಮ ಕರಾವಳಿಗೆ ಆಹಾರ, ನೀರು ಸಾಗಿಸತೊಡಗಿದವು, ಭಾರತೀಯ ನೌಕಾಪಡೆಯ ನಿರುಪಕ್ ಆಸ್ಪತ್ರೆ ಹಡಗಾಗಿ ಮಾರ್ಪಟ್ಟು ಮ್ಯೂಲಬೊ ಸೇರಿತು. ಷರತ್ತುಗಳು ಬಂದದ್ದು ಆಮೇಲೆ, ಕೆಲಸ ಸಾಗುತ್ತಿರುವಾಗಲೇ. ಬಂದಾ ಅಚೆ ಮತ್ತು ಮ್ಯೂಲಬೊ ಪಟ್ಟಣಗಳಾಚೆ ಹೋಗುವವರು ಮುಂಚಿತವಾಗಿ ತಿಳಿಸಬೇಕೆಂದು ಸರ್ಕಾರ ಹೇಳಿತು. ವಿದೇಶಿ ಸೈನಿಕರು ಆಯುಧ ಹಿಡಿದು ಓಡಾಡುವಂತಿರಲಿಲ್ಲ. ಅವರು ಮಾರ್ಚ್ 26ರೊಳಗೆ ಹಿಂತಿರುಗಬೇಕೆಂದು ಗಡುವು ಹಾಕಿತು. ಲಿಂಕನ್‌ನ ಯುದ್ಧವಿಮಾನಗಳು ತನ್ನ ವಾಯುಪ್ರದೇಶದಲ್ಲಿ ತರಬೇತಿ ಹಾರಾಟ ನಡೆಸಲು ಒಪ್ಪಲಿಲ್ಲ. ನೌಕೆ ಅಂತರರಾಷ್ಟ್ರೀಯ ಜಲಪ್ರದೇಶಕ್ಕೆ ಸರಿದು ಹಾರಾಟ ನಡೆಸಿತು, ಪರಿಹಾರದ ಹೆಲಿಕಾಪ್ಟರುಗಳು ತಮ್ಮ ಕೆಲಸ ಮುಂದುವರಿಸಿದವು. ಆಗ ಪಾಶ್ಚಾತ್ಯ ಪತ್ರಿಕೆಗಳಲ್ಲಿ ಈ ಷರತ್ತುಗಳ ಬಗ್ಗೆ ಅಸಮಾಧಾನ ವ್ಯಕ್ತವಾಯಿತು. ನನ್ನ ದೃಷ್ಟಿಯಲ್ಲಿ ಅವು ಸರಿಯಾದ ಷರತ್ತುಗಳು: ಸರ್ಕಾರಕ್ಕೆ ತನ್ನ ಜನರ ಮುಂದೆ ಹೇಳಿಕೊಳ್ಳಲು ಒಂದು ನೆಲೆ ಸಿಕ್ಕಿತು, ಹಸಿದವನ ತಟ್ಟೆಗೆ ಅವು ಕೈ ಹಾಕಲಿಲ್ಲ.

ಬಾಂಗ್ಲಾದೇಶದಲ್ಲಿ 1991ರ ಏಪ್ರಿಲ್ 29ರ ಚಂಡಮಾರುತದ ನಂತರ ಅಮೆರಿಕದ ನೌಕಾಸೈನಿಕರು ಇನ್ನೂ ಜಾಣತನದಿಂದ ನಡೆದುಕೊಂಡಿದ್ದರು. ಕೊಲ್ಲಿ ಯುದ್ಧದಿಂದ ಮರಳುತ್ತಿದ್ದ ಸಾವಿರಾರು ಜನರ ಆ ಪಡೆ ಹಡಗುಗಳನ್ನೇ ನೆಲೆಯಾಗಿಸಿಕೊಂಡು, ಹಗಲು ದಡಕ್ಕೆ ಬಂದವರಲ್ಲಿ ಹೆಚ್ಚಿನವರನ್ನು ರಾತ್ರಿ ಹಡಗಿಗೇ ಕರೆಸಿಕೊಳ್ಳುತ್ತಿತ್ತು. ಹೊಸದಾಗಿ ಅಧಿಕಾರಕ್ಕೆ ಬಂದಿದ್ದ ಚುನಾಯಿತ ಸರ್ಕಾರಕ್ಕೆ ವಿದೇಶಿ ಸೇನೆ ಬೀಡುಬಿಟ್ಟಿದೆ ಎಂಬ ಆರೋಪ ತಟ್ಟದಿರಲು ಇದು ನೆರವಾಯಿತು.

ಇನ್ನೊಂದು ಪ್ರಕರಣದಲ್ಲಿ ನಾವೇ ಪಾತ್ರಧಾರಿಗಳು. 2005ರ ಅಕ್ಟೋಬರ್ 8ರ ಕಾಶ್ಮೀರ ಭೂಕಂಪದ ಬಳಿಕ ಗುಡ್ಡಗಾಡಿನ ಹಳ್ಳಿಗಳನ್ನು ಮುಟ್ಟಲು ಪಾಕಿಸ್ತಾನಕ್ಕೆ ಹೆಲಿಕಾಪ್ಟರುಗಳ ಕೊರತೆಯಿತ್ತು. ಭಾರತ ಕೊಡಲು ಮುಂದಾಯಿತು. ಹೆಲಿಕಾಪ್ಟರ್ ಬರಲಿ, ಭಾರತೀಯ ಪೈಲಟ್‌ಗಳು ಬೇಡ ಎಂದು ಪಾಕಿಸ್ತಾನ ಹೇಳಿತು. ನಮ್ಮ ಸಿಬ್ಬಂದಿ ಇಲ್ಲದೆ ಸೇನಾ ಹೆಲಿಕಾಪ್ಟರ್ ಕೊಡಲಾಗದು ಎಂದು ಭಾರತ ಹೇಳಿತು. ಎರಡೂ ಸೇನೆಗಳ ಕಣ್ಣಲ್ಲಿ ತಮ್ಮ ನಿಲುವು ಸಹಜ. ಪಾಕಿಸ್ತಾನಿ ಅಧಿಕಾರಿಯೊಬ್ಬರನ್ನು ಜೊತೆಗೆ ಕೂರಿಸಿಕೊಂಡು, ನಿಗದಿತ ಮಾರ್ಗದಲ್ಲಷ್ಟೇ ಭಾರತೀಯ ಪೈಲಟ್ ಹಾರುವಂಥ ಮಧ್ಯದ ದಾರಿಗೆ ಮೊದಲೇ ಬರೆದಿಟ್ಟ ಒಪ್ಪಂದ ಬೇಕಿತ್ತು, ಅದು ಇರಲಿಲ್ಲ. ಗಡಿ ನಿಯಂತ್ರಣ ರೇಖೆಯಲ್ಲಿ ನೆರವಿಗಾಗಿ ದಾಟುವೆಡೆಗಳು ತೆರೆದದ್ದು ನವೆಂಬರ್‌ನಲ್ಲಿ.

ತರಬೇತಿಯಲ್ಲಿ ನಾನು ಅಧಿಕಾರಿಗಳ ಮುಂದೆ ಒಂದು ಕಲ್ಪಿತ ಪತ್ರವನ್ನು ಇಡುತ್ತೇನೆ: ಮಿತ್ರದೇಶವೊಂದು ಒಂದು ನೌಕೆ, ನಾಲ್ಕು ಹೆಲಿಕಾಪ್ಟರ್ ಮತ್ತು ಒಂದು ಸಂಚಾರಿ ಆಸ್ಪತ್ರೆಯನ್ನು ಕಳಿಸುವುದಾಗಿ ಹೇಳಿದೆ, ಸಂಜೆಯೊಳಗೆ ಉತ್ತರ ಬೇಕು. ಚರ್ಚೆ ಸಾರ್ವಭೌಮತೆಯಿಂದ ಆರಂಭವಾಗಿ ಬಹಳ ಬೇಗ ಸಣ್ಣ ಸಣ್ಣ ಸಂಗತಿಗಳಿಗೆ ಇಳಿಯುತ್ತದೆ. ಅವರ ಸ್ಯಾಟಲೈಟ್ ಫೋನ್‌ಗಳಿಗೆ ನಮ್ಮಲ್ಲಿ ಪೂರ್ವಾನುಮತಿ ಬೇಕು, ಅದನ್ನು ಯಾರು ಕೊಡುತ್ತಾರೆ? ಅವರ ಔಷಧ ಪೆಟ್ಟಿಗೆಯ ಮಾರ್ಫಿನ್ ಮಾದಕವಸ್ತು ಕಾಯ್ದೆಯಡಿ ಬರುತ್ತದೆ. ಅವರ ವೈದ್ಯರಿಗೆ ನಮ್ಮ ವೈದ್ಯಕೀಯ ನೋಂದಣಿ ಇಲ್ಲ. ಹೆಲಿಕಾಪ್ಟರ್ ಬಿದ್ದರೆ ಹೊಣೆ ಯಾರದು? ವೈಮಾನಿಕ ಚಿತ್ರಗಳನ್ನು ಅವರು ಇಟ್ಟುಕೊಳ್ಳಬಹುದೇ? ಗೃಹ, ರಕ್ಷಣೆ, ವಿದೇಶಾಂಗ, ಕಸ್ಟಮ್ಸ್, ವಿಮಾನಯಾನ ಇಲಾಖೆಗಳ ಪಾತ್ರ ವಹಿಸಿದವರು ತಂತಮ್ಮ ಆಕ್ಷೇಪಗಳನ್ನು ಬರೆದು ಮುಗಿಸುವಷ್ಟರಲ್ಲಿ ಸಂಜೆಯಾಗಿರುತ್ತದೆ. ಯಾರೂ ‘ಬೇಡ’ ಎಂದಿರುವುದಿಲ್ಲ, ಆದರೂ ಉತ್ತರ ಹೋಗಿರುವುದಿಲ್ಲ.

ಬಲಾಢ್ಯ ದೇಶಗಳೂ ಇದರಿಂದ ಹೊರತಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತದ ಬಳಿಕ ಟೆಕ್ಸಾಸ್‌ಗೆ ಬಂದ ಮೆಕ್ಸಿಕೋ ಸೈನಿಕರು ಆಯುಧವಿಲ್ಲದೆ ಬಂದು ಊಟ ಹಂಚಿದರು. ಬ್ರಿಟನ್ ಕಳಿಸಿದ ಸೇನಾ ಊಟದ ಪೊಟ್ಟಣಗಳು ಮಾತ್ರ ದನದ ಮಾಂಸದ ಆಮದು ನಿಷೇಧದಿಂದಾಗಿ ಅಮೆರಿಕದ ಗೋದಾಮಿನಲ್ಲೇ ಉಳಿದವು.

ಭಾರತ 2004ರ ಸುನಾಮಿಯಲ್ಲಿ ವಿದೇಶಿ ಸರ್ಕಾರಗಳ ನೆರವು ಬೇಡವೆಂದು ಹೇಳಿ, ಅದೇ ವೇಳೆ ಶ್ರೀಲಂಕಾ, ಮಾಲ್ಡೀವ್ಸ್, ಇಂಡೊನೇಷ್ಯಾಗಳಿಗೆ ತನ್ನ ಹಡಗುಗಳನ್ನು ಕಳಿಸಿತು. ಸಾಮರ್ಥ್ಯವಿದ್ದ ದೇಶ ಹಾಗೆ ಹೇಳಿದ್ದರಲ್ಲಿ ತಪ್ಪಿಲ್ಲ. 2016ರ ರಾಷ್ಟ್ರೀಯ ವಿಪತ್ತು ನಿರ್ವಹಣಾ ಯೋಜನೆ, ಭಾರತ ತಾನಾಗಿ ವಿದೇಶಿ ನೆರವು ಕೋರುವುದಿಲ್ಲ, ಸೌಹಾರ್ದದಿಂದ ಸ್ವಯಂಪ್ರೇರಿತವಾಗಿ ಬಂದದ್ದನ್ನು ಕೇಂದ್ರ ಸರ್ಕಾರ ಸ್ವೀಕರಿಸಬಹುದು ಎನ್ನುತ್ತದೆ. ಆದರೆ ಆ ‘ಬಹುದು’ ಎಂಬುದು ನೆರವನ್ನು ನೆಲದ ಮೇಲೆ ಇಳಿಸಿಕೊಳ್ಳಬೇಕಾದ ಜಿಲ್ಲಾಧಿಕಾರಿಗೆ ಸಾಲದು. ಆಯುಧ, ಅವಧಿ, ಪ್ರದೇಶ, ಜೊತೆಗಿರುವ ಅಧಿಕಾರಿ, ಇಂಧನ, ಔಷಧ, ಸಂಪರ್ಕ ಸಾಧನ ಇವಿಷ್ಟರ ಷರತ್ತುಗಳನ್ನು ಶಾಂತಿಕಾಲದಲ್ಲೇ ಒಂದು ಮಾದರಿ ಪತ್ರವಾಗಿ ಸಿದ್ಧಪಡಿಸಬೇಕು; ಮೊದಲ 24 ಗಂಟೆಗಳಲ್ಲಿ ಅದಕ್ಕೆ ಸಹಿ ಹಾಕುವ ಅಧಿಕಾರವನ್ನು ಎಲ್ಲ ಇಲಾಖೆಗಳ ಪರವಾಗಿ ಒಂದೇ ಹುದ್ದೆಗೆ ಕೊಡಬೇಕು. ಬಿಗಿಯಾದ ಷರತ್ತುಗಳೇ ಇರಲಿ, ನನ್ನ ತಕರಾರಿಲ್ಲ. ಅವು ಹೆಲಿಕಾಪ್ಟರ್ ಹೊರಡುವ ಮುನ್ನವೇ ಪೈಲಟ್‌ನ ಕೈಯಲ್ಲಿರಬೇಕು.