‘ಟ್ರಸ್ಟ್ ಎಂದ ಮೇಲೆ ಜಾಗ ಟ್ರಸ್ಟಿಗಳದ್ದೇ ಅಲ್ಲವೇ?’

ಪ್ರಶ್ನೆ: ನಾವು ಕೆಲವು ಕುಟುಂಬಗಳು ಸೇರಿ ಮಂಡ್ಯದ ಪಕ್ಕದಲ್ಲಿ ಭೂಪರಿವರ್ತನೆಯಾದ ಒಂದು ಜಾಗ ನೋಡಿದ್ದೇವೆ. ಸಮುದಾಯ ಭೂ ಟ್ರಸ್ಟ್ ಮಾಡಿಕೊಂಡರೆ ನೆಲ ಎಲ್ಲರದ್ದಾಗಿ ಉಳಿಯುತ್ತದೆ, ಮನೆ ಅವರವರದ್ದಾಗಿರುತ್ತದೆ ಎಂದು ಕೇಳಿದ್ದೇವೆ. ಆದರೆ ಮನೆಯ ಹಿರಿಯರು ಒಪ್ಪುತ್ತಿಲ್ಲ. ಟ್ರಸ್ಟ್ ಎಂದ ಮೇಲೆ ಜಾಗ ಟ್ರಸ್ಟಿಗಳದ್ದೇ ಅಲ್ಲವೇ? ನಾಳೆ ಅಧ್ಯಕ್ಷರು ಮಾರಿಕೊಂಡರೆ, ಅವರ ಕಾಲಾನಂತರ ಮಗ ಬಂದು ಕುಳಿತರೆ ನಮ್ಮ ಗತಿ ಏನು?

ಉತ್ತರ: ಅಲ್ಲ. ಈ ಪ್ರಶ್ನೆಯನ್ನು ನನಗೆ ಮೈಸೂರಿನ ಕೆಸರೆಯಲ್ಲಿ ಕೇಳಿದ್ದಾರೆ, ಮಂಡ್ಯದ ಗುತ್ತಲಿನಲ್ಲಿ ಕೇಳಿದ್ದಾರೆ, ಮದುವೆ ಊಟಕ್ಕೆ ಕುಳಿತ ಪಂಕ್ತಿಯಲ್ಲೂ ಕೇಳಿದ್ದಾರೆ. ಕೇಳುವವರು ಬೇರೆಬೇರೆಯಾದರೂ ಮಾತು ಒಂದೇ, ಕೊನೆಗೆ ಬರುವ ‘ಮಗ’ ಕೂಡ ಒಬ್ಬನೇ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ. ದಯವಿಟ್ಟು ಹಿರಿಯರಿಗೂ ಓದಿ ಹೇಳಿ.

ಅವರ ಹೆದರಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ನಮ್ಮ ಕಡೆ ಟ್ರಸ್ಟ್ ಎಂದೊಡನೆ ಕಣ್ಣೆದುರು ಬರುವುದು ಒಂದು ಶಾಲೆ, ಇಲ್ಲವೇ ಕಲ್ಯಾಣ ಮಂಟಪ. ಅಪ್ಪ ಅಧ್ಯಕ್ಷ, ಅಮ್ಮ ಖಜಾಂಚಿ, ಮಗ ಕಾರ್ಯದರ್ಶಿ, ಸೊಸೆ ಧರ್ಮದರ್ಶಿ. ಅದನ್ನು ನೋಡುತ್ತ ಬೆಳೆದವರು ಟ್ರಸ್ಟ್ ಎಂದರೆ ಮನೆತನದ ಆಸ್ತಿಗೆ ಹಾಕಿದ ಇನ್ನೊಂದು ಹೆಸರು ಎಂದು ತಿಳಿದರೆ ತಪ್ಪು ಅವರದಲ್ಲ. ಮೈಸೂರಿನ ಹಳಬರಿಗೆ ಈ ಪದದ ಇನ್ನೊಂದು ಅರ್ಥವೂ ಗೊತ್ತು. 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಅದು ಹಂಚಿದ ನಿವೇಶನಗಳನ್ನು ಅವರು ಇಂದಿಗೂ ಸಿ.ಐ.ಟಿ.ಬಿ. ಸೈಟು ಎನ್ನುತ್ತಾರೆ. ಅದು ಸರ್ಕಾರದ ಸಂಸ್ಥೆಯಾಗಿತ್ತು. ಮನೆತನದ ಟ್ರಸ್ಟೂ ಟ್ರಸ್ಟೇ, ಸರ್ಕಾರದ ಟ್ರಸ್ಟೂ ಟ್ರಸ್ಟೇ. ನೀವು ಕೇಳುತ್ತಿರುವುದು ಇವೆರಡೂ ಅಲ್ಲದ ಮೂರನೆಯದು.

ಈಗ ಕಾನೂನಿಗೆ ಬರೋಣ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ತನ್ನ ಮೂರನೆಯ ಕಲಮಿನಲ್ಲೇ ಟ್ರಸ್ಟ್ ಎಂದರೇನು ಎಂದು ಹೇಳಿಬಿಡುತ್ತದೆ: ಆಸ್ತಿಯ ಒಡೆತನಕ್ಕೆ ಅಂಟಿಕೊಂಡು ಬರುವ ಹೊಣೆ. ಪತ್ರ ಟ್ರಸ್ಟಿಯ ಹೆಸರಿನಲ್ಲಿರಬಹುದು, ಖಾತೆಯೂ ಇರಬಹುದು. ಆದರೆ ಆ ಹೆಸರಿನ ಹಿಂದೆ ಹಕ್ಕಿಲ್ಲ, ಹೊಣೆ ಇದೆ. ಟ್ರಸ್ಟಿಯು ಟ್ರಸ್ಟಿನ ಆಸ್ತಿಯನ್ನು ಸ್ವಂತ ಲಾಭಕ್ಕೆ ಬಳಸಬಾರದು ಎನ್ನುತ್ತದೆ 51ನೆಯ ಕಲಮು. ಟ್ರಸ್ಟಿಗಳು ಹಲವರಿದ್ದಾಗ, ಪತ್ರದಲ್ಲಿ ಬೇರೆ ರೀತಿ ಬರೆಯದಿದ್ದರೆ, ಎಲ್ಲರೂ ಸೇರಿಯೇ ನಡೆಯಬೇಕು ಎನ್ನುತ್ತದೆ 48ನೆಯದು. ಈ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗಾಗಿ ಬಂದದ್ದು. ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್ ಆಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮು ಇದೆ. ಹಿತಾಸಕ್ತಿ ಇರುವ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಿದರೆ ಟ್ರಸ್ಟಿಯಿಂದ ಲೆಕ್ಕ ಕೇಳಿಸಬಹುದು, ಟ್ರಸ್ಟಿಯನ್ನು ತೆಗೆಸಬಹುದು.

ಕಲಮುಗಳಿಂದ ಹಿರಿಯರಿಗೆ ಸಮಾಧಾನವಾಗದಿದ್ದರೆ ಮೇಲುಕೋಟೆಯನ್ನು ನೆನಪಿಸಿ. ಚೆಲುವನಾರಾಯಣನ ವೈರಮುಡಿ ವರ್ಷವಿಡೀ ಎಲ್ಲಿರುತ್ತದೆ? ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯ ಊರುಗಳಲ್ಲಿ ಪೂಜೆ ಪಡೆದು, ಬೆಟ್ಟ ಹತ್ತಿ, ಒಪ್ಪಿಸುವ ಮುನ್ನ ಪರಿಶೀಲನೆಯಾಗಿ ದೇವರ ಮುಡಿಗೇರುತ್ತದೆ. ಕೀಲಿ ಇಟ್ಟುಕೊಂಡವರು ಖಜಾನೆಯ ಅಧಿಕಾರಿಗಳು ಎಂಬ ಕಾರಣಕ್ಕೆ ಕಿರೀಟ ಅವರದ್ದು ಎಂದು ಮಂಡ್ಯ ಜಿಲ್ಲೆಯಲ್ಲಿ ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಧಿಕಾರಿಗೆ ವರ್ಗವಾದರೆ ಕಿರೀಟ ಅವರ ಮಗನಿಗೆ ಹೋಗುತ್ತದೆಯೇ ಎಂದೂ ಯಾರೂ ಕೇಳುವುದಿಲ್ಲ. ಕಾಯುವವನು ಬೇರೆ, ಒಡೆಯ ಬೇರೆ ಎಂಬುದು ನಮಗೆ ಚೆನ್ನಾಗಿಯೇ ಗೊತ್ತಿದೆ. ಸೈಟಿನ ವಿಷಯ ಬಂದೊಡನೆ ಮಾತ್ರ ಏಕೆ ಮರೆಯುತ್ತೇವೋ!

ಆದರೂ ಹಿರಿಯರ ಮಾತಿನಲ್ಲಿ ಒಂದು ಗಟ್ಟಿ ಕಾಳಿದೆ. ಸಾಮಾನ್ಯವಾಗಿ ಬರೆಸುವ ಟ್ರಸ್ಟ್ ಪತ್ರದಲ್ಲಿ ಸದಸ್ಯರು ಎಂಬ ವರ್ಗವೇ ಇರುವುದಿಲ್ಲ. ಸ್ಥಾನ ತೆರವಾದರೆ ಉಳಿದ ಟ್ರಸ್ಟಿಗಳೇ ಹೊಸಬರನ್ನು ಆರಿಸಿಕೊಳ್ಳುತ್ತಾರೆ. ಮಗ ಬಂದು ಕೂರುವುದು ಈ ಬಾಗಿಲಿನಿಂದಲೇ. ಜಾಗ ಮಗನದ್ದಾಗುವುದಿಲ್ಲ, ನಿಜ. ಆದರೆ ಕುರ್ಚಿ ಅವನದ್ದಾಗುತ್ತದೆ. ಕುರ್ಚಿ ಒಂದೇ ಮನೆಯಲ್ಲಿ ಮೂವತ್ತು ವರ್ಷ ಉಳಿದರೆ ಜಾಗವೂ ಅವರದ್ದೇ ಎಂದು ಊರು ನಂಬಿಬಿಡುತ್ತದೆ.

ನಾನು ಹೇಳಿ ಹೇಳಿ ದಣಿದಿರುವ ಸಂಗತಿ ಇಲ್ಲಿದೆ. ಸಮುದಾಯ ಭೂ ಟ್ರಸ್ಟ್ ಮಾಡಲು ಟ್ರಸ್ಟ್ ಪತ್ರವನ್ನೇ ಬರೆಸಬೇಕಾಗಿಲ್ಲ! ಈ ಮಾದರಿ ಹುಟ್ಟಿದ ಅಮೆರಿಕದಲ್ಲಿಯೇ ಇವುಗಳಲ್ಲಿ ಹೆಚ್ಚಿನವು ಕಾನೂನಿನ ಕಣ್ಣಿನಲ್ಲಿ ಟ್ರಸ್ಟ್‌ಗಳಲ್ಲ, ಸದಸ್ಯರೂ ಚುನಾವಣೆಯೂ ಇರುವ ಲಾಭರಹಿತ ಸಂಸ್ಥೆಗಳು. ಹೆಸರಿನ ‘ಟ್ರಸ್ಟ್’ ಅದರ ಮನೋಧರ್ಮವನ್ನು ಹೇಳುತ್ತದೆಯೇ ಹೊರತು ನೋಂದಣಿಯ ಬಗೆಯನ್ನಲ್ಲ. ನಮ್ಮಲ್ಲಿ ಈ ಮಾದರಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ, ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಸಂಘಕ್ಕೆ ಸರ್ವಸದಸ್ಯರ ಸಭೆ ಇರುತ್ತದೆ, ವರ್ಷವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕವನ್ನೂ ನೋಂದಣಾಧಿಕಾರಿಗೆ ಕೊಡಬೇಕಾಗುತ್ತದೆ. ಡೇರಿ ಸಂಘದ ಚುನಾವಣೆಯನ್ನು ಕಂಡಿರುವ ನಮ್ಮ ಜನಕ್ಕೆ ಮತ ಹಾಕಿ ಇಳಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ನನ್ನ ಸಲಹೆ ಕೇಳುವುದಾದರೆ ನೀವು ಸಂಘವನ್ನೇ ಮಾಡಿಕೊಳ್ಳಿ. ಟ್ರಸ್ಟ್ ಪತ್ರವೇ ಬೇಕು ಎಂದರೆ ಚುನಾವಣೆ, ಅವಧಿ, ತೆಗೆದುಹಾಕುವ ವಿಧಾನ ಮೂರನ್ನೂ ಪತ್ರದೊಳಗೇ ಬರೆಸಿ, ವಕೀಲರು ‘ಆಮೇಲೆ ನೋಡೋಣ’ ಎಂದರೂ ಬಿಡಬೇಡಿ.

ಹಾಗಾದರೆ ಆಳುವವರು ಯಾರು? ಈ ಮಾದರಿಯ ಜೀವ ಇರುವುದು ಮಂಡಳಿಯ ಮೂರು ಪಾಲಿನಲ್ಲಿ. ಹನ್ನೆರಡು ಸ್ಥಾನ ಎಂದುಕೊಳ್ಳಿ. ನಾಲ್ಕು ಸ್ಥಾನ ಆ ನೆಲದ ಮೇಲೆ ವಾಸವಾಗಿರುವವರಿಗೆ. ನಾಲ್ಕು, ಅಲ್ಲಿ ವಾಸವಿಲ್ಲದ, ಆದರೆ ಅದೇ ಊರಿನ ಇತರ ಸದಸ್ಯರಿಗೆ. ಉಳಿದ ನಾಲ್ಕು ಸಾರ್ವಜನಿಕ ಹಿತವನ್ನು ನೋಡುವವರಿಗೆ: ನಗರಸಭೆಯ ಕಡೆಯವರು, ಲೆಕ್ಕಪತ್ರ ಬಲ್ಲವರು, ಅಂಥವರು. ಮೊದಲ ಎರಡು ಪಾಲನ್ನು ಸದಸ್ಯರು ಚುನಾಯಿಸುತ್ತಾರೆ, ಮೂರನೆಯದನ್ನು ಸಾಮಾನ್ಯವಾಗಿ ಆ ಎಂಟು ಜನ ಸೇರಿ ಆರಿಸುತ್ತಾರೆ. ಯಾವ ಪಾಲಿಗೂ ಒಂಟಿಯಾಗಿ ಬಹುಮತವಿಲ್ಲ. ನೆಲವನ್ನು ಮಾರುವ ಪ್ರಸ್ತಾಪಕ್ಕೆ ಮಂಡಳಿಯ ಬಹುಮತ ಸಾಲದು, ಸದಸ್ಯರ ಮೂರನೇ ಎರಡರಷ್ಟು ಒಪ್ಪಿಗೆಯೂ ಬೇಕು ಎಂದು ಬೈಲಾದಲ್ಲಿ ಬರೆದುಕೊಳ್ಳುವ ರೂಢಿ ಇದೆ. ನಿಮ್ಮ ಅಧ್ಯಕ್ಷರು ಎಷ್ಟೇ ಗಟ್ಟಿಗರಾದರೂ ಮಾರಲು ಹೊರಟರೆ ಇಷ್ಟು ಜನರನ್ನು ದಾಟಬೇಕು.

ಇಲ್ಲಿ ತಕ್ಷಣ ಬರುವ ಆಕ್ಷೇಪ, ‘ನಮ್ಮ ನೆಲಕ್ಕೆ ಹೊರಗಿನವರೇಕೆ?’ ದಶಪಥ ಹೆದ್ದಾರಿ ಬಂದ ಮೇಲೆ ಸೈಟುಗಳ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಮಂಡ್ಯದವರಿಗೆ ಹೇಳಬೇಕೇ? ಇಂದು ಕೈಹಿಡಿದು ಪ್ರತಿಜ್ಞೆ ಮಾಡಿದ ಕುಟುಂಬಗಳೇ ಇಪ್ಪತ್ತು ವರ್ಷದ ನಂತರ, ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಎದುರಾದಾಗ, ಮಾರುಕಟ್ಟೆ ಬೆಲೆಗೆ ಕೊಡೋಣ ಎನ್ನುತ್ತವೆ. ಅದು ದುರಾಸೆಯಲ್ಲ, ಸಂಸಾರ. ಆದರೆ ಆಗ ಮನೆಗಾಗಿ ಕಾಯುತ್ತಿರುವ ಮುಂದಿನ ಬಡವರ ಪರವಾಗಿ ಸಭೆಯಲ್ಲಿ ಯಾರಾದರೂ ಮಾತನಾಡಬೇಕಲ್ಲ? ಎರಡನೆಯ ಪಾಲಿನವರು ಕುಳಿತಿರುವುದು ಅದಕ್ಕಾಗಿ. ಹಾಗೆಂದು ಮಾರುವವರ ಕೈ ಬರಿದಾಗುವುದಿಲ್ಲ. ನೆಲ 99 ವರ್ಷದ ಗುತ್ತಿಗೆಯ ಮೇಲಿರುತ್ತದೆ, ಮನೆ ಅವರದ್ದೇ. ಅಮೆರಿಕದ ಬರ್ಲಿಂಗ್ಟನ್ ಊರಿನಲ್ಲಿ 1984ರಲ್ಲಿ ಆರಂಭವಾದ ಟ್ರಸ್ಟು ಮನೆಯ ಏರಿದ ಬೆಲೆಯಲ್ಲಿ ಶೇಕಡ 25ರಷ್ಟನ್ನು ಮಾರುವವರಿಗೆ ಕೊಡುವ ಸೂತ್ರ ಇಟ್ಟುಕೊಂಡಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 20 ಲಕ್ಷದ ಮನೆ 40 ಲಕ್ಷ ಬೆಲೆಬಾಳುವಾಗ ಮಾರುವವರಿಗೆ 25 ಲಕ್ಷ ಸಿಗುತ್ತದೆ, ಮುಂದಿನ ಕುಟುಂಬಕ್ಕೂ ಮನೆ ಕೈಗೆಟುಕುತ್ತದೆ.

ಪಾಲು ಹಾಕುವಾಗ ಜಾತಿಯನ್ನು ಮರೆತಂತೆ ನಟಿಸಬೇಡಿ ಎಂದೂ ಹೇಳಬೇಕಾಗಿದೆ. ಬರೀ ಮತದ ಲೆಕ್ಕ ಹಿಡಿದರೆ ನಮ್ಮ ಊರುಗಳಲ್ಲಿ ಹನ್ನೆರಡಕ್ಕೆ ಹನ್ನೆರಡೂ ಒಂದೇ ಬೀದಿಯವರಾಗಬಹುದು. ಬಾಸ್ಟನ್ನಿನ ಡಡ್ಲಿ ಸ್ಟ್ರೀಟ್ ಪ್ರದೇಶದ ಜನ ತಮ್ಮ ಮಂಡಳಿ ಕಟ್ಟುವಾಗ ಆಫ್ರಿಕನ್ ಅಮೆರಿಕನ್, ಲ್ಯಾಟಿನೊ, ಕೇಪ್ ವರ್ಡಿಯನ್, ಬಿಳಿಯ ಎಂಬ ನಾಲ್ಕೂ ಸಮುದಾಯಗಳಿಗೆ, ಜನಸಂಖ್ಯೆ ಎಷ್ಟೇ ಇರಲಿ, ಸಮಸಮ ಸ್ಥಾನ ಕೊಟ್ಟರು. ಕಾಲೊನಿಯವರಿಗೆ ಒಂದು ಸ್ಥಾನ ‘ಬಿಟ್ಟುಕೊಡುವುದು’ ಬೇರೆ, ಸಮವಾಗಿ ಕೂರಿಸುವುದು ಬೇರೆ.

ಇದನ್ನೆಲ್ಲ ವಿದೇಶದ ಸರಕು ಎಂದು ದೂರವಿಡುವವರೂ ಇದ್ದಾರೆ. ಅವರನ್ನು ಒಮ್ಮೆ ಹುಣಸೂರು ರಸ್ತೆಯ ಇಲವಾಲಕ್ಕೆ ಕರೆದುಕೊಂಡು ಹೋಗಬೇಕೆಂದು ನನಗೆ ಆಸೆ. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಗ್ರಾಮದಾನವನ್ನು ಚರ್ಚಿಸಲು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ಬೇರೆಬೇರೆ ಪಕ್ಷಗಳ ನಾಯಕರು ಸೇರಿದ್ದು ಅಲ್ಲಿ, ನಮ್ಮ ಮೈಸೂರಿನ ಮಗ್ಗುಲಲ್ಲಿ. ನೆಲ ಊರಿನದ್ದು, ಉಳುಮೆ ಮನೆಯದ್ದು ಎಂಬ ಆ ವಿಚಾರದಿಂದ ಪ್ರೇರಣೆ ಪಡೆದವರಲ್ಲಿ ಅಮೆರಿಕದ ರಾಬರ್ಟ್ ಸ್ವಾನ್ ಒಬ್ಬರು. ಅವರೂ ಚಾರ್ಲ್ಸ್ ಶೆರಾಡ್ ಮೊದಲಾದ ಕರಿಯರ ಹಕ್ಕುಗಳ ಹೋರಾಟಗಾರರೂ ಸೇರಿ 1969ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ‘ನ್ಯೂ ಕಮ್ಯುನಿಟೀಸ್’ ಕಟ್ಟಿದರು, ಸುಮಾರು 5,700 ಎಕರೆಯಲ್ಲಿ. ಮೊದಲ ಸಮುದಾಯ ಭೂ ಟ್ರಸ್ಟ್ ಅದೇ. 1985ರಲ್ಲಿ ಆ ನೆಲ ಕೈತಪ್ಪಿತು. ಮಾರಿದ್ದು ಟ್ರಸ್ಟಿಗಳಲ್ಲ. ಬರಗಾಲ ಬಂತು, ಸಕಾಲಕ್ಕೆ ಸಿಗಬೇಕಾದ ಸರ್ಕಾರಿ ಸಾಲವನ್ನು ಕರಿಯರೆಂಬ ಕಾರಣಕ್ಕೆ ಕೊಡದೆ ಸತಾಯಿಸಿದರು, ಕೊನೆಗೆ ಸಾಲ ಕೊಟ್ಟವರು ಹರಾಜು ಹಾಕಿದರು. ಹೆದರಲೇಬೇಕು ಎಂದಿದ್ದರೆ ಅಧ್ಯಕ್ಷರ ಮಗನಿಗಿಂತ ಅಡಮಾನಕ್ಕೆ ಹೆದರಿ. ನೆಲವನ್ನು ಯಾವ ಕಾರಣಕ್ಕೂ ಒತ್ತೆ ಇಡಬಾರದು ಎಂಬ ಒಂದು ಸಾಲು ನಿಮ್ಮ ಬೈಲಾದಲ್ಲಿ ಇರಲಿ.

ನೀವು ಕೇಳದ ಒಂದು ಪ್ರಶ್ನೆಯನ್ನೂ ನಾನೇ ಎತ್ತುತ್ತೇನೆ. ನಡಾವಳಿ ಪುಸ್ತಕ ಯಾರ ಮನೆಯಲ್ಲಿರಬೇಕು? ಮೂರು ಪಾಲಿನ ಮಂಡಳಿಯನ್ನು ಅಚ್ಚುಕಟ್ಟಾಗಿ ರಚಿಸಿ, ಪುಸ್ತಕವನ್ನು ಅಧ್ಯಕ್ಷರ ಬೀರುವಿನಲ್ಲಿಟ್ಟ ಗುಂಪುಗಳನ್ನು ನಾನು ನೋಡಿದ್ದೇನೆ. ಒಂದು ಕಡೆ ಅಧ್ಯಕ್ಷರು ಬಾಣಂತನಕ್ಕೆಂದು ಮಗಳ ಮನೆಗೆ ಹೆಂಡತಿಯೊಡನೆ ಬೆಂಗಳೂರಿಗೆ ಹೋದರು, ಮೂರು ತಿಂಗಳು ಸಭೆಯೇ ನಡೆಯಲಿಲ್ಲ. ಇನ್ನೊಂದು ಕಡೆ ಖಾಲಿ ಹಾಳೆಗೆ ಮೊದಲೇ ಎಲ್ಲರ ಸಹಿ ಹಾಕಿಸಿಕೊಂಡು, ನಿರ್ಣಯವನ್ನು ಆಮೇಲೆ ಮನೆಯಲ್ಲಿ ಕುಳಿತು ಬರೆಯುತ್ತಿದ್ದರು. ಕೇಳಿದರೆ, ‘ನಂಬಿಕೆ ಇದೆಯಲ್ಲ’ ಎಂಬ ಉತ್ತರ. ನಂಬಿಕೆ ಇದ್ದರೆ ಸಭೆ ಮುಗಿಯುವ ಮುನ್ನವೇ ನಿರ್ಣಯ ಬರೆದು, ಗಟ್ಟಿಯಾಗಿ ಓದಿ, ಆಮೇಲೆ ಸಹಿ ಮಾಡಲು ಏನು ಕಷ್ಟ? ಓದು ಬಾರದವರೂ ಕಿವಿಯಿಂದ ಕೇಳಿ ತಿದ್ದುತ್ತಾರೆ. ಸಭೆಯ ಹೊತ್ತೂ ಅಷ್ಟೇ ಮುಖ್ಯ. ಸಂಜೆ ಹಾಲು ಕರೆಯುವ ಸಮಯಕ್ಕೆ ಸಭೆ ಕರೆದು, ಹೆಂಗಸರು ಬರುವುದಿಲ್ಲ ಎಂದು ದೂರುವುದು ನ್ಯಾಯವಲ್ಲ.

ನಾನು ಕಲಿಸಿದ ಗುಂಪೊಂದರಲ್ಲಿ ಈಗ ನಡಾವಳಿ ಬರೆಯುವವರು ಸ್ತ್ರೀಶಕ್ತಿ ಸಂಘದಲ್ಲಿ ಪಳಗಿದ ಒಬ್ಬ ತಾಯಿ. ಯಾರು ಏನು ಹೇಳಿದರು, ಯಾರು ಬೇಡವೆಂದರು, ಏಕೆ ಬೇಡವೆಂದರು, ಎಲ್ಲವೂ ಅವರ ದುಂಡನೆಯ ಅಕ್ಷರದಲ್ಲಿದೆ. ಅಂಥ ಪುಟಗಳನ್ನು ನಾನು ಎಷ್ಟೋ ಲೆಕ್ಕ ಬಲ್ಲವರ ಪುಸ್ತಕಗಳಲ್ಲಿ ಕಂಡಿಲ್ಲ. ಆ ಪುಸ್ತಕ ಸಮುದಾಯ ಭವನದ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತದೆ. ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ಅವರ ಬಳಿ, ಇನ್ನೊಂದರದು ಆ ನೆಲದ ಮೇಲೆ ಮನೆ ಇಲ್ಲದ ಒಬ್ಬ ಸದಸ್ಯರ ಬಳಿ. ಅಧ್ಯಕ್ಷರ ಬಳಿ ಯಾವ ಕೀಲಿಯೂ ಇಲ್ಲ.