ಅಲ್ಪಮತದ ಸರ್ಕಾರ, ರಾಷ್ಟ್ರವಾದಿ ಪಕ್ಷದ ಬಾಹ್ಯ ಬೆಂಬಲ ಮತ್ತು ಬಜೆಟ್: ಒಂದು ಅಧ್ಯಯನ ಟಿಪ್ಪಣಿ

ಅಲ್ಪಮತದ ಸರ್ಕಾರವೊಂದು ರಚನೆಯಾಗುವ ಬಗೆಯನ್ನು ನಾವು ಸಾಮಾನ್ಯವಾಗಿ ವಿವರವಾಗಿ ಓದುತ್ತೇವೆ. ರಚನೆಯಾದ ಮೇಲೆ ಅದು ವರ್ಷ ವರ್ಷವೂ ಬಜೆಟ್ಟಿಗೆ ಸದನದ ಒಪ್ಪಿಗೆ ಪಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಬೇಗ ದಾಟಿಬಿಡುತ್ತೇವೆ. ಆದರೆ ಅಂಥ ಸರ್ಕಾರದ ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಬೇರೆ ಮಸೂದೆಗಳನ್ನು ಬೆಂಬಲ ಸಿಗುವವರೆಗೆ ಮುಂದೂಡಬಹುದು, ಸಿಗದಿದ್ದರೆ ಕೈಬಿಡಬಹುದು. ಬಜೆಟ್ಟಿಗೆ ಮಾತ್ರ ಗಡುವು ಇರುತ್ತದೆ, ಮತ್ತು ಆ ಗಡುವು ಎಂದೆಂಬುದು ಹೊರಗಿನಿಂದ ಬೆಂಬಲ ಕೊಡುವ ಪಕ್ಷಕ್ಕೂ ಅಷ್ಟೇ ಚೆನ್ನಾಗಿ ತಿಳಿದಿರುತ್ತದೆ.

ಈ ಟಿಪ್ಪಣಿಯಲ್ಲಿ ರಾಷ್ಟ್ರವಾದಿ ಪಕ್ಷ ಎಂಬ ಪದವನ್ನು ಎರಡು ಅರ್ಥಗಳಲ್ಲಿ ಬಳಸಬೇಕಾಗುತ್ತದೆ. ವಲಸೆಯ ನಿಯಂತ್ರಣವನ್ನು ಮುಖ್ಯ ಬೇಡಿಕೆಯಾಗಿ ಇಟ್ಟುಕೊಂಡ ಡೆನ್ಮಾರ್ಕ್, ಸ್ವೀಡನ್, ನೆದರ್ಲೆಂಡ್ಸ್‌ಗಳ ಪಕ್ಷಗಳು ಒಂದು ಬಗೆ. ದೊಡ್ಡ ದೇಶದೊಳಗಿನ ಒಂದು ಪ್ರದೇಶವನ್ನೇ ತಮ್ಮ ರಾಷ್ಟ್ರವೆಂದು ಭಾವಿಸುವ ಕ್ಯಾಟಲನ್ ಅಥವಾ ಬಾಸ್ಕ್ ಪಕ್ಷಗಳು ಇನ್ನೊಂದು ಬಗೆ. ಇವುಗಳ ಸಿದ್ಧಾಂತಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಬಜೆಟ್ಟಿನ ಮತದಾನದ ಹೊತ್ತಿಗೆ ಎರಡೂ ಒಂದೇ ಜಾಗದಲ್ಲಿ ನಿಲ್ಲುತ್ತವೆ: ಸಂಪುಟದ ಹೊರಗೆ, ಆದರೆ ಸಂಪುಟದ ಉಳಿವಿಗೆ ಅನಿವಾರ್ಯವಾಗಿ. ಆ ಜಾಗದಲ್ಲಿ ನಿಂತ ಪಕ್ಷ ತನ್ನ ಬೆಂಬಲಕ್ಕೆ ಎಷ್ಟು ಬೆಲೆ ಕೇಳಬಲ್ಲದು ಎಂಬುದನ್ನು ಅದರ ಸ್ಥಾನಗಳ ಸಂಖ್ಯೆ ಒಂದೇ ತೀರ್ಮಾನಿಸುವುದಿಲ್ಲ. ಬಜೆಟ್ ಬಿದ್ದರೆ ಮುಂದೇನು ಎಂಬ ಪ್ರಶ್ನೆಗೆ ಆ ದೇಶದ ನಿಯಮವೂ ರೂಢಿಯೂ ಕೊಡುವ ಉತ್ತರವೇ ಅದನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ ಎಂಬುದು ನನ್ನ ಓದಿನಿಂದ ನನಗೆ ಮನದಟ್ಟಾದ ವಿಷಯ.

ಡೆನ್ಮಾರ್ಕಿನಿಂದ ಪ್ರಾರಂಭಿಸುವುದು ಅನುಕೂಲ, ಏಕೆಂದರೆ ಅಲ್ಲಿ ಈ ವ್ಯವಸ್ಥೆ ಹತ್ತು ವರ್ಷಗಳ ಕಾಲ ಸಲೀಸಾಗಿ ನಡೆಯಿತು. 2001ರ ನವೆಂಬರ್ ಚುನಾವಣೆಯ ನಂತರ ಆಂಡರ್ಸ್ ಫೋ ರಾಸ್ಮುಸೆನ್ ಅವರು ವೆನ್‌ಸ್ಟ್ರ ಮತ್ತು ಕನ್ಸರ್ವೇಟಿವ್ ಪಕ್ಷಗಳ ಸರ್ಕಾರ ರಚಿಸಿದಾಗ, 179 ಸದಸ್ಯರ ಸಂಸತ್ತಾದ ಫೋಲ್ಕೆಟಿಂಗ್‌ನಲ್ಲಿ ಎರಡೂ ಪಕ್ಷಗಳಿಗೆ ಸೇರಿ ಇದ್ದದ್ದು 72 ಸ್ಥಾನಗಳು. ಪಿಯಾ ಕ್ಯಾರ್ಸ್‌ಗೋರ್ ಅವರ ನೇತೃತ್ವದ, ರಾಷ್ಟ್ರವಾದಿ ಡ್ಯಾನಿಶ್ ಪೀಪಲ್ಸ್ ಪಾರ್ಟಿಯ 22 ಸ್ಥಾನಗಳು ಸೇರಿದರೆ 94 ಆಗಿ ಬಹುಮತ ದೊರೆಯುತ್ತಿತ್ತು. ಡೆನ್ಮಾರ್ಕಿನ ಸಂವಿಧಾನದ 45ನೇ ವಿಧಿಯ ಪ್ರಕಾರ ಹಣಕಾಸು ಮಸೂದೆಯನ್ನು ಆರ್ಥಿಕ ವರ್ಷ ಆರಂಭವಾಗುವುದಕ್ಕೆ ಕನಿಷ್ಠ ನಾಲ್ಕು ತಿಂಗಳು ಮೊದಲು ಮಂಡಿಸಬೇಕು. ಅಲ್ಲಿ ಆರ್ಥಿಕ ವರ್ಷವು ಕ್ಯಾಲೆಂಡರ್ ವರ್ಷವೇ ಆಗಿರುವುದರಿಂದ ಆಗಸ್ಟ್ ಅಂತ್ಯದಿಂದ ಡಿಸೆಂಬರ್‌ವರೆಗಿನ ಅವಧಿ ಪ್ರತಿ ವರ್ಷವೂ ಮಾತುಕತೆಯ ಋತುವಾಗುತ್ತದೆ. ಸರ್ಕಾರಕ್ಕೆ ತೆರಿಗೆ ಏರಿಸದಿರುವ ತನ್ನ ಭರವಸೆಯನ್ನು ಉಳಿಸಿಕೊಳ್ಳಬೇಕಿತ್ತು. ಬೆಂಬಲಿಗ ಪಕ್ಷಕ್ಕೆ ವಲಸೆ ನಿಯಮಗಳು ಬಿಗಿಯಾಗಬೇಕಿತ್ತು, ಜೊತೆಗೆ ತನ್ನ ಮತದಾರರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದ ವೃದ್ಧರಿಗೆ ನೇರವಾಗಿ ಏನಾದರೂ ಸಿಗಬೇಕಿತ್ತು. ಕಡಿಮೆ ಆದಾಯದ ಪಿಂಚಣಿದಾರರಿಗೆ ನೀಡುವ ಹೆಚ್ಚುವರಿ ಮೊತ್ತವೊಂದು ಇಂಥ ಬಜೆಟ್ ಒಪ್ಪಂದದಿಂದಲೇ ಹುಟ್ಟಿತು, ಮತ್ತು ಪಕ್ಷವು ಅದನ್ನು ತನ್ನ ಸಾಧನೆಯೆಂದು ಮುಂದಿನ ಚುನಾವಣೆಗಳಲ್ಲಿ ತೋರಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬಜೆಟ್ಟಿಗೆ ಕೊಟ್ಟ ಮತದ ಪ್ರತಿಫಲವನ್ನು ಬಜೆಟ್ಟಿನ ಪುಟಗಳಲ್ಲಿ ಮಾತ್ರ ಹುಡುಕಿದರೆ ಅರ್ಧವೇ ಸಿಗುತ್ತದೆ. ವಲಸೆಯ ಷರತ್ತುಗಳು ಖಜಾನೆಗೆ ದೊಡ್ಡ ಖರ್ಚು ತರುವಂಥವಲ್ಲ. ಅವು ಬೇರೆ ಕಾನೂನುಗಳ ಮೂಲಕ ಬರುತ್ತವೆ, ಆದರೆ ಅವುಗಳನ್ನು ಸಾಧ್ಯವಾಗಿಸಿದ ಒತ್ತಡ ಬಜೆಟ್ ಮತದ್ದು. 2011ರ ಮೇ ತಿಂಗಳಲ್ಲಿ ಅವಧಿಪೂರ್ವ ನಿವೃತ್ತಿ ಸೌಲಭ್ಯವನ್ನು ಮೊಟಕುಗೊಳಿಸಲು ಸರ್ಕಾರಕ್ಕೆ ಈ ಪಕ್ಷದ ಮತ ಬೇಕಾಯಿತು. ಪಕ್ಷವು ಅದಕ್ಕೆ ಪ್ರತಿಯಾಗಿ ಪಡೆದದ್ದು ಹಣವಲ್ಲ, ಗಡಿಯಲ್ಲಿ ಕಾಯಂ ಕಸ್ಟಮ್ಸ್ ತಪಾಸಣೆ. ಅದೇ ವರ್ಷ ಸರ್ಕಾರ ಬದಲಾದ ಮೇಲೆ ಆ ಯೋಜನೆಯನ್ನು ಕೈಬಿಡಲಾಯಿತು.

ಡೆನ್ಮಾರ್ಕಿನಲ್ಲಿ ಬಜೆಟ್ ಸೋತರೆ ತಾತ್ಕಾಲಿಕ ಅನುದಾನದ ಕಾನೂನಿಗೆ ಅವಕಾಶವಿದೆ, ಆದರೆ ರಾಜಕೀಯವಾಗಿ ಅದರ ಪರಿಣಾಮ ಚುನಾವಣೆಯೇ. 1983ರ ಡಿಸೆಂಬರ್‌ನಲ್ಲಿ ಪೌಲ್ ಸ್ಲ್ಯೂಟರ್ ಅವರ ಅಲ್ಪಮತದ ಸರ್ಕಾರದ ಹಣಕಾಸು ಮಸೂದೆ ಬಿದ್ದಾಗ 1984ರ ಜನವರಿ 10ರಂದು ದೇಶ ಮತಗಟ್ಟೆಗೆ ಹೋಯಿತು. ಆ ನೆನಪು ಎರಡೂ ಕಡೆಯವರನ್ನು ಮಾತುಕತೆಯ ಮೇಜಿನಲ್ಲಿ ಕೂರಿಸುತ್ತದೆ.

ಇನ್ನು ಸ್ವೀಡನ್. ಈ ವಿಷಯವನ್ನು ಅಧ್ಯಯನ ಮಾಡುವವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. ಸ್ವೀಡನ್ನಿನಲ್ಲಿ ಪ್ರಧಾನಿಯಾಗಲು ಬಹುಮತ ಬೇಕಿಲ್ಲ. 349 ಸದಸ್ಯರ ಸಂಸತ್ತಾದ ರಿಕ್ಸ್‌ಡಾಗ್‌ನಲ್ಲಿ 175 ಮಂದಿ ವಿರುದ್ಧವಾಗಿ ಮತ ಹಾಕದಿದ್ದರೆ ಸಾಕು. ಬಜೆಟ್ಟಿಗೂ ಅಂಥದೇ ಒಂದು ಅನುಕೂಲವಿತ್ತು. 1990ರ ದಶಕದ ಆರ್ಥಿಕ ಬಿಕ್ಕಟ್ಟಿನ ನಂತರ ರೂಪುಗೊಂಡ ಪದ್ಧತಿಯಲ್ಲಿ ಒಟ್ಟು ವೆಚ್ಚದ ಮಿತಿ, 27 ವೆಚ್ಚ ಕ್ಷೇತ್ರಗಳ ಹಂಚಿಕೆ ಮತ್ತು ಆದಾಯದ ಅಂದಾಜು ಇವೆಲ್ಲವನ್ನೂ ಒಂದೇ ಇಡಿಯಾಗಿ ಮತಕ್ಕೆ ಹಾಕಲಾಗುತ್ತದೆ. ಪ್ರತಿಯೊಂದು ವಿರೋಧ ಪಕ್ಷವೂ ತನ್ನದೇ ಪೂರ್ಣ ಬಜೆಟ್ ಮಂಡಿಸುತ್ತದೆ. ಪ್ರಾಥಮಿಕ ಸುತ್ತುಗಳಲ್ಲಿ ಆ ಪರ್ಯಾಯಗಳು ಒಂದೊಂದಾಗಿ ಬಿದ್ದು, ಕೊನೆಗೆ ಉಳಿದದ್ದು ಸರ್ಕಾರದ ಪ್ರಸ್ತಾಪದ ಎದುರು ನಿಲ್ಲುತ್ತದೆ. ತನ್ನ ಬಜೆಟ್ ಬಿದ್ದ ಪಕ್ಷ ಅಂತಿಮ ಸುತ್ತಿನಲ್ಲಿ ಯಾರಿಗೂ ಮತ ಹಾಕದೆ ತಟಸ್ಥವಾಗಿರುವುದು ರೂಢಿಯಾಗಿತ್ತು. ಆದ್ದರಿಂದ ವಿರೋಧಿಗಳು ಒಡೆದಿರುವಷ್ಟು ಕಾಲ ಅಲ್ಪಮತದ ಸರ್ಕಾರದ ಬಜೆಟ್ಟೇ ಗೆಲ್ಲುತ್ತಿತ್ತು. ಈ ತಟಸ್ಥತೆ ಯಾವ ಕಾನೂನಿನಲ್ಲೂ ಬರೆದಿರಲಿಲ್ಲ ಎಂಬ ಮಾತನ್ನು ಅಡಿಗೆರೆ ಹಾಕಿ ನೆನಪಿಟ್ಟುಕೊಳ್ಳಬೇಕು.

ರೂಢಿಯ ಮೊದಲ ಬಿರುಕು 2013ರಲ್ಲಿ ಕಾಣಿಸಿತು. ಫ್ರೆಡ್ರಿಕ್ ರೈನ್‌ಫೆಲ್ಟ್ ಅವರ ಅಲ್ಪಮತದ ಸರ್ಕಾರ ಹೆಚ್ಚು ಆದಾಯದವರ ಮೇಲಿನ ತೆರಿಗೆ ಶುರುವಾಗುವ ಆದಾಯ ಮಿತಿಯನ್ನು ಏರಿಸಲು ಹೊರಟಾಗ, ವಿರೋಧ ಪಕ್ಷಗಳು ಆ ಒಂದು ಅಂಶವನ್ನು ಮಾತ್ರ ಬಜೆಟ್ಟಿನಿಂದ ಬಿಡಿಸಿ, ರಾಷ್ಟ್ರವಾದಿ ಪಕ್ಷವಾದ ಸ್ವೀಡನ್ ಡೆಮಾಕ್ರಾಟ್ಸ್‌ನ ಮತದೊಂದಿಗೆ ಸೋಲಿಸಿದವು. ಅಂದು ಅದರ ಲಾಭ ಪಡೆದ ಸೋಷಿಯಲ್ ಡೆಮಾಕ್ರಾಟರಿಗೆ ಮುಂದಿನ ವರ್ಷವೇ ಇನ್ನೂ ದೊಡ್ಡ ಪೆಟ್ಟು ಕಾದಿತ್ತು. 2014ರ ಸೆಪ್ಟೆಂಬರ್ ಚುನಾವಣೆಯ ನಂತರ ಅವರ ನಾಯಕ ಸ್ಟೆಫಾನ್ ಲೊಫ್ವೆನ್ ಅವರು ಗ್ರೀನ್ ಪಕ್ಷದೊಂದಿಗೆ ಸರ್ಕಾರ ರಚಿಸಿದರು. 49 ಸ್ಥಾನಗಳಿದ್ದ ಸ್ವೀಡನ್ ಡೆಮಾಕ್ರಾಟ್ಸ್ ತನ್ನ ಸ್ವಂತ ಬಜೆಟ್ ಬಿದ್ದ ಮೇಲೆ ತಟಸ್ಥವಾಗುವ ಬದಲು ಬಲಪಂಥೀಯ ಮೈತ್ರಿಕೂಟದ ಬಜೆಟ್ಟಿಗೆ ಮತ ಹಾಕಿತು. ಡಿಸೆಂಬರ್ 3ರಂದು ಸರ್ಕಾರದ ಬಜೆಟ್ 153ಕ್ಕೆ 182 ಮತಗಳಿಂದ ಸೋತಿತು. ಲೊಫ್ವೆನ್ ಮರುಚುನಾವಣೆಯ ಮಾತಾಡಿದರು. ಆದರೆ ಡಿಸೆಂಬರ್ 27ರಂದು ಎಡ-ಬಲಗಳ ಆರು ಪಕ್ಷಗಳು ಸೇರಿ, ದೊಡ್ಡ ಕೂಟದ ಬಜೆಟ್ಟಿಗೆ ಚಿಕ್ಕ ಕೂಟ ಅಡ್ಡಬರಬಾರದು ಎಂಬ ಒಪ್ಪಂದ ಮಾಡಿಕೊಂಡವು. ಮುರಿದುಹೋದ ರೂಢಿಯನ್ನು ಲಿಖಿತ ಒಪ್ಪಂದದಿಂದ ಕಟ್ಟಿನಿಲ್ಲಿಸುವ ಪ್ರಯತ್ನ ಅದು. ಒಂದು ವರ್ಷವೂ ತುಂಬುವ ಮೊದಲೇ, 2015ರ ಅಕ್ಟೋಬರ್‌ನಲ್ಲಿ ಕ್ರಿಶ್ಚಿಯನ್ ಡೆಮಾಕ್ರಾಟರು ಹೊರಬಂದಾಗ ಅದು ಕುಸಿಯಿತು.

2021ರ ನವೆಂಬರ್ 24ರ ಘಟನೆಗಳನ್ನು ಓದಿದರೆ ಪ್ರಧಾನಿಯ ಆಯ್ಕೆಯೂ ಬಜೆಟ್ಟಿನ ಒಪ್ಪಿಗೆಯೂ ಎರಡು ಬೇರೆ ಬೇರೆ ಬಹುಮತಗಳ ವಿಷಯ ಎಂಬುದು ಮನದಟ್ಟಾಗುತ್ತದೆ. ಅಂದು ಬೆಳಿಗ್ಗೆ ಸೋಷಿಯಲ್ ಡೆಮಾಕ್ರಾಟ್ ನಾಯಕಿ ಮಾಗ್ಡಲೀನಾ ಆ್ಯಂಡರ್ಸನ್ ಅವರು 117 ಮತಗಳನ್ನಷ್ಟೇ ಪಡೆದೂ ಪ್ರಧಾನಿಯಾಗಿ ಆಯ್ಕೆಯಾದರು, ಏಕೆಂದರೆ ವಿರುದ್ಧ ಬಿದ್ದ ಮತಗಳು 174, ಅಂದರೆ ತಡೆಯಲು ಬೇಕಾದುದಕ್ಕಿಂತ ಒಂದು ಕಡಿಮೆ. ಸೆಂಟರ್ ಪಕ್ಷ ಅವರ ಆಯ್ಕೆಗೆ ಅಡ್ಡಬರಲಿಲ್ಲ, ಆದರೆ ಅವರು ಎಡ ಪಕ್ಷದೊಂದಿಗೆ ಒಪ್ಪಂದ ಮಾಡಿಕೊಂಡಿದ್ದ ಕಾರಣ ಬಜೆಟ್ಟಿಗೆ ಬೆಂಬಲ ಕೊಡಲಿಲ್ಲ. ಮಧ್ಯಾಹ್ನ ಮಾಡರೇಟ್, ಕ್ರಿಶ್ಚಿಯನ್ ಡೆಮಾಕ್ರಾಟ್ ಮತ್ತು ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷಗಳು ಜೊತೆಗೂಡಿ ಬರೆದ ಬಜೆಟ್ 143ರ ಎದುರು 154 ಮತಗಳಿಂದ ಗೆದ್ದಿತು. ರಾಷ್ಟ್ರವಾದಿ ಪಕ್ಷದೊಂದಿಗೆ ರೂಪಿಸಿದ ಬಜೆಟ್ಟಿನಡಿ ಆಡಳಿತ ನಡೆಸಲಾರೆವು ಎಂದು ಗ್ರೀನ್ ಪಕ್ಷ ಸರ್ಕಾರದಿಂದ ಹೊರನಡೆಯಿತು. ಮೈತ್ರಿ ಸರ್ಕಾರದ ಒಂದು ಪಕ್ಷ ಹೊರಬಂದರೆ ಪ್ರಧಾನಿ ರಾಜೀನಾಮೆ ಕೊಡಬೇಕೆಂಬ ರೂಢಿಯಂತೆ ಆ್ಯಂಡರ್ಸನ್ ಕೆಲವೇ ಗಂಟೆಗಳಲ್ಲಿ ಹುದ್ದೆ ತೊರೆದರು, ಐದು ದಿನಗಳ ನಂತರ ಏಕಪಕ್ಷದ ಸರ್ಕಾರದ ಪ್ರಧಾನಿಯಾಗಿ ಮತ್ತೆ ಆಯ್ಕೆಯಾದರು, ಮತ್ತು ವಿರೋಧಿಗಳು ಬರೆದ ಬಜೆಟ್ಟನ್ನೇ ಜಾರಿಗೊಳಿಸಿದರು. ಗಮನಿಸಿ: ಬಜೆಟ್ ಸೋತದ್ದು ತಾನಾಗಿ ಸರ್ಕಾರವನ್ನು ಉರುಳಿಸಲಿಲ್ಲ. ಸ್ವೀಡನ್ನಿನ ನಿಯಮದಲ್ಲಿ ಒಂದಲ್ಲ ಒಂದು ಬಜೆಟ್ ಗೆದ್ದೇ ಗೆಲ್ಲುವುದರಿಂದ ಖಜಾನೆ ಮುಚ್ಚುವ ಭಯವಿಲ್ಲ. ಅಲ್ಲಿ ರಾಷ್ಟ್ರವಾದಿ ಪಕ್ಷದ ಕೈಯಲ್ಲಿದ್ದದ್ದು ಸರ್ಕಾರವನ್ನು ಬೀಳಿಸುವ ಶಕ್ತಿಗಿಂತ, ಯಾರ ಬಜೆಟ್ ಗೆಲ್ಲಬೇಕೆಂದು ಆರಿಸುವ ಶಕ್ತಿ.

ಆ ಶಕ್ತಿಗೆ 2022ರಲ್ಲಿ ಲಿಖಿತ ರೂಪ ಬಂದಿತು. ಚುನಾವಣೆಯಲ್ಲಿ 73 ಸ್ಥಾನ ಗೆದ್ದ ಸ್ವೀಡನ್ ಡೆಮಾಕ್ರಾಟ್ಸ್ ಬಲಪಂಥೀಯ ಬಣದ ಅತಿ ದೊಡ್ಡ ಪಕ್ಷವಾಗಿದ್ದರೂ ಸಂಪುಟಕ್ಕೆ ಸೇರಲಿಲ್ಲ. 103 ಸ್ಥಾನಗಳ ಮೂರು ಪಕ್ಷಗಳು ಉಲ್ಫ್ ಕ್ರಿಸ್ಟರ್ಸನ್ ಅವರ ನೇತೃತ್ವದಲ್ಲಿ ಸರ್ಕಾರ ರಚಿಸಿದವು. ಅಕ್ಟೋಬರ್ 14ರ ಟಿಡೊ ಒಪ್ಪಂದದಲ್ಲಿ ವಲಸೆ, ಅಪರಾಧ, ಇಂಧನ ಮುಂತಾದ ವಿಷಯಗಳಲ್ಲಿ ನಾಲ್ಕೂ ಪಕ್ಷಗಳ ಸಮ್ಮತ ನೀತಿಯನ್ನು ಬರೆಯಲಾಯಿತು, ಬಜೆಟ್ಟನ್ನು ಒಟ್ಟಾಗಿ ರೂಪಿಸುವ ವ್ಯವಸ್ಥೆ ಮಾಡಲಾಯಿತು, ಮತ್ತು ಬೆಂಬಲಿಗ ಪಕ್ಷದ ಅಧಿಕಾರಿಗಳಿಗೆ ಸರ್ಕಾರಿ ಕಚೇರಿಯೊಳಗೇ ಸಮನ್ವಯದ ಸ್ಥಾನ ಸಿಕ್ಕಿತು. ಮರುವಸತಿಗೆ ಆಯ್ದು ಕರೆತರುವ ನಿರಾಶ್ರಿತರ ಸಂಖ್ಯೆ ವರ್ಷಕ್ಕೆ 900ಕ್ಕೆ ಇಳಿಯಿತು. ರಾಷ್ಟ್ರೀಯ ಆದಾಯದ ಶೇ 1ರಷ್ಟನ್ನು ವಿದೇಶಿ ನೆರವಿಗೆ ಮೀಸಲಿಡುವ ಹಳೆಯ ಗುರಿಯನ್ನು ಕೈಬಿಟ್ಟು ವರ್ಷಕ್ಕೆ 56 ಶತಕೋಟಿ ಕ್ರೋನರ್ ಎಂದು ನಿಗದಿಪಡಿಸಲಾಯಿತು. ಸಂಪುಟದ ಹೊರಗಿದ್ದ ಪಕ್ಷದ ಕೈಬರಹ ಬಜೆಟ್ಟಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆಗಳು ವಿರಳ.

ನೆದರ್ಲೆಂಡ್ಸ್‌ನ ಅನುಭವ ಇದಕ್ಕೆ ವ್ಯತಿರಿಕ್ತ. 2010ರಲ್ಲಿ ಮಾರ್ಕ್ ರುಟ್ಟೆ ಅವರ ಮೊದಲ ಸರ್ಕಾರಕ್ಕೆ 150ರಲ್ಲಿ 52 ಸ್ಥಾನಗಳಿದ್ದವು. ಗೇರ್ಟ್ ವಿಲ್ಡರ್ಸ್ ಅವರ ಪಕ್ಷದ 24 ಸೇರಿ 76. ಒಪ್ಪಂದವೂ ಲಿಖಿತವೇ. ಆದರೆ ಯುರೋಪ್ ಒಕ್ಕೂಟದ ಶೇ 3ರ ಕೊರತೆ ಮಿತಿಯೊಳಗೆ ಬರಲು 2012ರಲ್ಲಿ ಹೊಸದಾಗಿ ದೊಡ್ಡ ಕಡಿತಗಳು ಬೇಕಾದಾಗ, ಹಲವು ವಾರಗಳ ಮಾತುಕತೆಯ ನಂತರ ಏಪ್ರಿಲ್ 21ರಂದು ವಿಲ್ಡರ್ಸ್ ಎದ್ದು ಹೊರಟರು. ಎರಡೇ ದಿನಗಳಲ್ಲಿ ಸರ್ಕಾರ ರಾಜೀನಾಮೆ ಕೊಟ್ಟಿತು. ಹೆಚ್ಚು ಕುತೂಹಲದ ಸಂಗತಿ ಅದರ ಮುಂದಿನದು. ಅದೇ ವಾರದಲ್ಲಿ ಆಡಳಿತದ ಎರಡು ಪಕ್ಷಗಳು ವಿರೋಧದ ಮೂರು ಪಕ್ಷಗಳೊಂದಿಗೆ ಸೇರಿ 77 ಸ್ಥಾನಗಳ ಬೆಂಬಲದಿಂದ ಬಜೆಟ್ ಒಪ್ಪಂದ ಮಾಡಿಕೊಂಡವು. ಬೇರೆ ಕಡೆಯಿಂದ ಬಹುಮತ ತರುವ ದಾರಿ ಇತ್ತೆಂಬುದು ವಿಲ್ಡರ್ಸ್ ಹೊರಟ ಮೇಲಷ್ಟೇ ಬೆಳಕಿಗೆ ಬಂದಿತು. ಖರ್ಚು ಹೆಚ್ಚಿಸುವಾಗ ಪ್ರತಿಫಲ ಹಂಚುವುದು ಸುಲಭ, ಕಡಿತದ ಕಾಲದಲ್ಲಿ ಹೊರಗಿನ ಬೆಂಬಲಿಗನಿಗೆ ಅಧಿಕಾರವಿಲ್ಲದೆ ಹೊಣೆ ಮಾತ್ರ ಬರುತ್ತದೆ; ಡೆನ್ಮಾರ್ಕಿನ ಹತ್ತು ವರ್ಷಗಳಿಗೂ ಇಲ್ಲಿನ ಒಂದೂವರೆ ವರ್ಷಕ್ಕೂ ಇರುವ ಅಂತರಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಫ್ರಾನ್ಸಿನ ಉದಾಹರಣೆಯನ್ನು ಬೇಗ ನೋಡಿ ಮುಂದೆ ಹೋಗಬಹುದು. ಅಲ್ಲಿ 2024ರಲ್ಲಿ ಪ್ರಧಾನಿ ಮಿಷೆಲ್ ಬಾರ್ನಿಯೆ ಅವರಿಗೂ ರಾಷ್ಟ್ರವಾದಿ ನ್ಯಾಷನಲ್ ರ‍್ಯಾಲಿ ಪಕ್ಷಕ್ಕೂ ಯಾವ ಒಪ್ಪಂದವೂ ಇರಲಿಲ್ಲ, ಆ ಪಕ್ಷ ಅವಿಶ್ವಾಸಕ್ಕೆ ಕೈಜೋಡಿಸದಿರುವುದಷ್ಟೇ ಅವರ ಆಸರೆಯಾಗಿತ್ತು. ವಿದ್ಯುತ್ ತೆರಿಗೆಯ ಏರಿಕೆಯನ್ನು ಅವರು ಕೈಬಿಟ್ಟರೂ ಪಿಂಚಣಿಯ ವಿಷಯದಲ್ಲಿ ಹೊಂದಾಣಿಕೆಯಾಗಲಿಲ್ಲ. ಮತಕ್ಕೆ ಹಾಕದೆಯೇ ಮಸೂದೆಯನ್ನು ಅಂಗೀಕರಿಸಲು ಅವಕಾಶ ಕೊಡುವ ಸಂವಿಧಾನದ 49-3ನೇ ವಿಧಿಯನ್ನು ಸಾಮಾಜಿಕ ಭದ್ರತೆಯ ಬಜೆಟ್ಟಿಗೆ ಬಳಸಿದಾಗ, ಡಿಸೆಂಬರ್ 4ರಂದು ಎಡಪಂಥೀಯರೂ ನ್ಯಾಷನಲ್ ರ‍್ಯಾಲಿಯೂ ಒಟ್ಟಾಗಿ 331 ಮತಗಳಿಂದ ಸರ್ಕಾರವನ್ನು ಉರುಳಿಸಿದರು. ಬರೆದಿಟ್ಟ ಒಪ್ಪಂದವಿಲ್ಲದ ಕಡೆ ಪ್ರತಿ ರಿಯಾಯಿತಿಯೂ ಮುಂದಿನ ಬೇಡಿಕೆಗೆ ಮೆಟ್ಟಿಲಾಗುತ್ತದೆ.

ಸ್ಪೇನಿನಲ್ಲಿ ಬೇಡಿಕೆಗಳ ಸ್ವರೂಪವೇ ಬೇರೆ. ಪ್ರಾದೇಶಿಕ ರಾಷ್ಟ್ರವಾದಿಗಳಿಗೆ ಬೇಕಾದದ್ದು ಹಣ ಮತ್ತು ಅಧಿಕಾರ ಎರಡೂ ತಮ್ಮ ಪ್ರದೇಶಕ್ಕೆ ವರ್ಗವಾಗುವುದು. 1996ರಲ್ಲಿ 350ರಲ್ಲಿ 156 ಸ್ಥಾನ ಪಡೆದ ಹೋಸೆ ಮರಿಯಾ ಅಸ್ನಾರ್ ಅವರು 16 ಸ್ಥಾನಗಳ ಕ್ಯಾಟಲನ್ ಕೂಟದ ಬೆಂಬಲ ಪಡೆದಾಗ, ಸ್ವಾಯತ್ತ ಪ್ರದೇಶಗಳಿಗೆ ಸಲ್ಲುವ ಆದಾಯ ತೆರಿಗೆಯ ಪಾಲು ಶೇ 15ರಿಂದ 30ಕ್ಕೆ ಏರಿತು. ಒಮ್ಮೆ ಬದಲಾದ ಇಂಥ ತೆರಿಗೆ ಹಂಚಿಕೆಯನ್ನು ಮುಂದಿನ ಸರ್ಕಾರ ಹಿಂದಕ್ಕೆ ತಿರುಗಿಸುವುದು ಕಷ್ಟ. ಡೆನ್ಮಾರ್ಕಿನ ಗಡಿ ತಪಾಸಣೆಯೊಂದಿಗೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಆದರೆ ಸ್ಪೇನಿನ ಸಂವಿಧಾನದ 134ನೇ ವಿಧಿ ಸರ್ಕಾರಕ್ಕೊಂದು ಆಸರೆ ಕೊಟ್ಟಿದೆ: ಹೊಸ ಬಜೆಟ್ ಸಕಾಲದಲ್ಲಿ ಅಂಗೀಕಾರವಾಗದಿದ್ದರೆ ಹಿಂದಿನ ವರ್ಷದ್ದು ತಾನಾಗಿಯೇ ಮುಂದುವರಿಯುತ್ತದೆ. 2018ರ ಮೇ ತಿಂಗಳಲ್ಲಿ ಪ್ರಧಾನಿ ಮರಿಯಾನೋ ರಹೋಯ್ ಅವರ ಬಜೆಟ್ಟನ್ನು ಬಾಸ್ಕ್ ರಾಷ್ಟ್ರವಾದಿ ಪಕ್ಷದ ಐದು ಮತಗಳು ಪಾರುಮಾಡಿದವು. ಸುಮಾರು ಒಂದು ವಾರದ ನಂತರ ಅದೇ ಐದು ಮತಗಳು ಅವರ ವಿರುದ್ಧದ ಅವಿಶ್ವಾಸ ನಿರ್ಣಯಕ್ಕೆ ಬಿದ್ದವು. ಅಧಿಕಾರಕ್ಕೆ ಬಂದ ಪೆಡ್ರೊ ಸಾಂಚೆಸ್ ರಹೋಯ್ ಬಜೆಟ್ಟಿನಡಿಯಲ್ಲೇ ಆಡಳಿತ ಆರಂಭಿಸಿದರು. 2019ರ ಫೆಬ್ರವರಿ 13ರಂದು ಅವರ ಸ್ವಂತ ಬಜೆಟ್ ಕ್ಯಾಟಲನ್ ಪಕ್ಷಗಳ ವಿರೋಧದಿಂದ 158ಕ್ಕೆ 191 ಮತಗಳಿಂದ ತಿರಸ್ಕೃತವಾದಾಗ ಚುನಾವಣೆ ಕರೆದರು. ಹಳೆಯ ಬಜೆಟ್ 2020ರ ಅಂತ್ಯದವರೆಗೂ ಎಳೆಯಿತು. 2023ರ ಬಜೆಟ್ಟೂ ಹಾಗೆಯೇ 2024ಕ್ಕೆ, ಅಲ್ಲಿಂದ 2025ಕ್ಕೆ ಮುಂದುವರಿಯಿತು, ಮತ್ತು ಈ ಬಾರಿ ಹೊಸ ಬಜೆಟ್ ಇಲ್ಲವೆಂಬ ಕಾರಣಕ್ಕೆ ಸಾಂಚೆಸ್ ಚುನಾವಣೆ ಕರೆಯಲಿಲ್ಲ.